ಗಾಳೆಪ್ಪನ ಎಂಟನೇ ನಂಬರಿನ ಬೂಟು

ಗಾಳೆಪ್ಪನ ಪಾದಗಳನ್ನು ನಾನು ಮೊದಲು ನೋಡಿದೆ, ಮುಖವನ್ನು ಆಮೇಲೆ. ಇದರಲ್ಲಿ ನನ್ನ ವಿನಯವೇನೂ ಇಲ್ಲ. ಸಿಂಧನೂರಿನ ಹೊರಗೆ, ಮಸ್ಕಿ ರಸ್ತೆಯ ಮೇಲಿರುವ ರೈಸ್ ಮಿಲ್ಲಿಗೆ ಗುಮಾಸ್ತನಾಗಿ ಸೇರಿದ ಮೊದಲ ದಿನವೇ ನನ್ನ ಪೆನ್ನು ಮೇಜಿನ ಕೆಳಗೆ ಉರುಳಿತು. ಹುಡುಕಲು ಬಗ್ಗಿದವನಿಗೆ ಹೊಟ್ಟೆ ಅಡ್ಡ ಬಂದು ಮತ್ತೆ ಏಳಲಾಗಲಿಲ್ಲ. ಆ ಸ್ಥಿತಿಯಲ್ಲಿದ್ದಾಗ ಎರಡು ಪಾದಗಳು ಕಣ್ಣೆದುರು ಬಂದು ನಿಂತವು. ಒಂದೊಂದೂ ಸಣ್ಣ ಮೊರದಷ್ಟು ಅಗಲ. ಬೆರಳುಗಳು ಆಸ್ತಿ ಪಾಲು ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದರಿಂದೊಂದು ದೂರ ಸರಿದು ನಿಂತಿದ್ದವು. ಹಿಮ್ಮಡಿಯ ಬಿರುಕಿನಲ್ಲಿ ತೌಡು ಮೆತ್ತಿಕೊಂಡಿತ್ತು.

“ಏನ್ರಿ ಗುಮಾಸ್ತರ, ಏನ್ ಕಳಕೊಂಡ್ರಿ?” ಎಂದು ಮೇಲಿನಿಂದ ದನಿ ಬಂತು.

“ಪೆನ್ನು.”

“ಪೆನ್ ಇಲ್ಲೇ ಬಿದ್ದೈತಿ. ಈಗ ನಿಮ್ಮನ್ನ ತಗೀಬೇಕು.” ಹೀಗೆಂದವನು ನನ್ನ ಕಂಕುಳಿಗೆ ಕೈಹಾಕಿ ಎತ್ತಿ ಕುರ್ಚಿಯಲ್ಲಿ ಕೂರಿಸಿದ. “ಒಂದೂವರಿ ಚೀಲ ಅದೀರಿ,” ಎಂದ. ಆ ಸಂಜೆ ತಕ್ಕಡಿಯ ಮೇಲೆ ಗುಟ್ಟಾಗಿ ನಿಂತು ನೋಡಿದೆ. ಎಪ್ಪತ್ತಾರು ಕಿಲೋ. ನಮ್ಮ ಚೀಲ ಐವತ್ತರದು.

ಅದಾಗಿ ಹದಿನಾರು ವರ್ಷ. ನಾನು ಮಸ್ಕಿಯಿಂದ ದಿನವೂ ಬಸ್ಸಿಗೆ ಬಂದು ಕುರ್ಚಿಯಲ್ಲಿ ಕೂತು ದಣಿಯುತ್ತೇನೆ. ಗಾಳೆಪ್ಪ, ತಾನೂ ಸೇರಿ, ಹದಿನಾಲ್ಕು ಹಮಾಲರ ಮೇಸ್ತ್ರಿ. ಗೋದಾಮಿನಿಂದ ಲಾರಿಗೆ ಹಾಕಿದ ಹಲಗೆಯ ಮೇಲೆ ಚೀಲ ಹೊತ್ತು ಏರುತ್ತಾನೆ, ಇಳಿಯುತ್ತಾನೆ, ದಣಿದಂತೆ ಕಾಣುವುದಿಲ್ಲ. ಇಬ್ಬರ ಮನೆಯಲ್ಲೂ ಹೆಂಡತಿಯರು “ಎಷ್ಟು ದುಡೀತೀರಿ” ಎಂದು ಮರುಗುತ್ತಾರಂತೆ. ನನ್ನ ವಿಷಯದಲ್ಲಿ ಆ ಮರುಕ ತಪ್ಪು ಮಾಹಿತಿಯ ಮೇಲೆ ನಿಂತಿದೆ.

ಗಾಳೆಪ್ಪನ ರಾಜ್ಯದಲ್ಲಿ ಎರಡು ಕಟ್ಟಳೆಗಳು.

ಒಂದು, ಗುಂಪಿಗೆ ಬಂದದ್ದೆಲ್ಲ ಸಮ. ಹದಿನಾಲ್ಕು ಕಪ್ಪಿನಲ್ಲೂ ಚಹಾ ಒಂದೇ ಮಟ್ಟಕ್ಕೆ ನಿಲ್ಲಬೇಕು. ಒಮ್ಮೆ ಒಬ್ಬ ರೈತ ಖುಷಿಯಾಗಿ ಒಂದು ಕಲ್ಲಂಗಡಿ ಕೊಟ್ಟ. ಗಾಳೆಪ್ಪ ಚೀಲ ಹೊಲಿಯುವ ದಾರದಿಂದ ಅದರ ಸುತ್ತಳತೆ ತೆಗೆದು, ದಾರವನ್ನು ಹದಿನಾಲ್ಕು ಮಡಿಕೆ ಮಾಡಿ, ಗುರುತು ಹಾಕಿ ಕೊಯ್ದ. ಹದಿನೈದನೆಯವನಾಗಿ ಪಕ್ಕದಲ್ಲಿ ಬಾಯಿ ಬಿಟ್ಟು ನಿಂತಿದ್ದ ನನಗೆ ಸಿಪ್ಪೆಯ ದರ್ಶನವಾಯಿತು. ಈ ಸಮಪಾಲಿನಿಂದಾಗಿಯೇ ಆ ಗುಂಪಿನಲ್ಲಿ ಹದಿನಾರು ವರ್ಷದಲ್ಲಿ ಒಂದೂ ಜಗಳವಾಗಿಲ್ಲ.

ಎರಡು, ಅಕ್ಕಿ ಗೋದಾಮಿನ ಹೊಸ್ತಿಲು ದಾಟುವಾಗ ಕಾಲಲ್ಲಿ ಏನೂ ಇರಬಾರದು. ಗಾಳೆಪ್ಪ ಪಾಮನಕಲ್ಲೂರಿನ ಒಣಭೂಮಿಯಲ್ಲಿ ಜೋಳ, ಸಜ್ಜೆ ಉಂಡು ಬೆಳೆದವನು. ಅನ್ನವನ್ನು ಹಬ್ಬಕ್ಕೊಮ್ಮೆ ಕಂಡವನಿಗೆ ಇಲ್ಲಿ ನೆಲದ ಮೇಲೆ ಅಕ್ಕಿ ಚೆಲ್ಲಿರುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತಿತ್ತಂತೆ. ಅವನ ಅಪ್ಪ ದುಡಿಯಲು ಹೋದ ಕಡೆ ಕೆಲವರ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗುತ್ತಿತ್ತು. ಆ ಮಾತನ್ನು ಗಾಳೆಪ್ಪ ಇವತ್ತಿಗೂ ಹಲ್ಲು ಕಚ್ಚಿಯೇ ಹೇಳುವುದು. “ಮನಷ್ಯಾರ ಮುಂದ ನಾ ಎಂದೂ ಬಿಚ್ಚಂಗಿಲ್ಲ. ಅಕ್ಕಿ ಮುಂದ ಬಿಚ್ಚತೀನಿ. ಇದು ನನ್ನ ಖುಷಿ,” ಎನ್ನುತ್ತಿದ್ದ.

ಇಂಥ ರಾಜ್ಯಕ್ಕೆ ಬೂಟು ಬಂದದ್ದು ಮಲ್ಲೇಶನ ದೆಸೆಯಿಂದ. ಮಲ್ಲೇಶ ಗುಂಪಿನಲ್ಲಿ ಎಲ್ಲರಿಗಿಂತ ಗಿಡ್ಡ. ಹೋದ ವರ್ಷ ಅವನ ಹೆಬ್ಬೆರಳ ಮೇಲೆ ಚೀಲ ಬಿದ್ದು ಉಗುರು ಹಾರಿ, ಮೂರು ವಾರ ಮನೆಯಲ್ಲಿ ಬಿದ್ದಿದ್ದ. ಆಗ ಮಿಲ್ಲಿನ ಆಡಳಿತ ನೋಡಿಕೊಳ್ಳುವ ನಮ್ಮ ಮಾಲೀಕರ ಸೊಸೆ ರಾಜಶ್ರೀ ನನ್ನನ್ನು ಕರೆದು, “ಎಲ್ಲರಿಗೂ ಸೇಫ್ಟಿ ಶೂ ತರಿಸೋಣ್ರಿ. ಮುಂದ ಸ್ಟೀಲ್ ಇರೋವು. ಒಬ್ಬೊಬ್ಬರದೂ ಕಾಲಿನ ನಂಬರ್ ಬರಕೊಂಡು ಬರ್ರಿ,” ಎಂದರು. “ಒಬ್ಬೊಬ್ಬರದೂ” ಎಂಬ ಶಬ್ದವನ್ನು ಅವರು ಒತ್ತಿಯೇ ಹೇಳಿದ್ದರು. ನನಗೆ ನೆನಪಿದೆ.

ಹಾಳೆ ಹಿಡಿದು ಹೋದೆ. ಗಾಳೆಪ್ಪನಿಗೆ ವಿಷಯ ತಿಳಿದೊಡನೆ ಹುಬ್ಬು ಗಂಟಾಯಿತು.

“ಒಬ್ಬಗ ದೊಡ್ಡ ಬೂಟು, ಒಬ್ಬಗ ಸಣ್ಣದಾ? ನಾಳಿ ಇವ್ರು ಬಡದಾಡ್ತಾರ. ಎಲ್ಲಾರಿಗೂ ಒಂದ ನಮೂನಿ ತರಸ್ರಿ.”

“ಕಾಲು ಒಂದೇ ನಮೂನಿ ಇಲ್ಲಲ್ಲೋ ಗಾಳೆಪ್ಪ.”

“ನಡುವಿಂದು ತರಸ್ರಿ. ನಿಮ್ಮ ಚಪ್ಪಲಿ ಎಷ್ಟು ನಂಬರ?”

“ಎಂಟು.”

“ಬಿಚ್ಚರಿ.”

ನನ್ನ ಎಡಗಾಲಿನ ಚಪ್ಪಲಿ ಹದಿನಾಲ್ಕು ಕಾಲುಗಳನ್ನು ಸುತ್ತಿ ಬರುವವರೆಗೆ ನಾನು ಭತ್ತ ಒಣಗಿಸುವ ಕಾದ ಅಂಗಳದಲ್ಲಿ ಒಂಟಿಕಾಲಲ್ಲಿ ಕೊಕ್ಕರೆಯಂತೆ ನಿಂತಿದ್ದೆ. ಮಲ್ಲೇಶನ ಕಾಲು ಅದರಲ್ಲಿ ಈಜಾಡಿತು. ಮೇಸ್ತ್ರಿಯ ಬಲಗೈಯಂತಿದ್ದ ದುರುಗಪ್ಪನಿಗೆ ಸರಿಹೋಯಿತು. ಗಾಳೆಪ್ಪನ ಹಿಮ್ಮಡಿ ಒಂದು ಬೆರಳು ಹೊರಗುಳಿಯಿತು.

“ನಿನಗ ಆಗಂಗಿಲ್ಲ ಇದು,” ಎಂದೆ.

“ತೊಗಲು ಅಲ್ಲೇನ್ರಿ? ಹಾಕ್ಕೋತ ಹಾಕ್ಕೋತ ಸಡ್ಲ ಆಕ್ಕಾವು. ಬರೀರಿ, ಎಂಟು.”

ತೊಗಲು ಸಡಿಲಾಗುತ್ತದೆ, ಅದರೊಳಗಿನ ಉಕ್ಕು ಸಡಿಲಾಗುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಆದರೆ ಬಿಸಿಲಿತ್ತು, ಚಪ್ಪಲಿ ವಾಪಸು ಬೇಕಿತ್ತು, ಜೊತೆಗೆ ಹದಿನಾಲ್ಕು ಅಂಕಿ ಬರೆಯುವುದಕ್ಕಿಂತ ಒಂದೇ ಅಂಕಿ ಬರೆಯುವುದು ಸುಲಭ. ಬರೆದೆ. ರಾಜಶ್ರೀ ಹಾಳೆ ನೋಡಿ, “ಎಲ್ಲಾರದೂ ಎಂಟಾ?” ಎಂದು ಕೇಳಿದರು. “ಹೌದ್ರಿ ಅಕ್ಕಾರ, ಆಶ್ಚರ್ಯನೇ,” ಎಂದೆ.

ಬೂಟುಗಳು ಬಂದವು. ಕಪ್ಪಗೆ, ಭಾರವಾಗಿ, ಮೂಗಿಗೆ ಕಬ್ಬಿಣದ ಟೋಪಿ ಇಟ್ಟುಕೊಂಡು. ಮರುದಿನದಿಂದ ನಮ್ಮ ಮಿಲ್ಲಿನ ನಡಿಗೆಯೇ ಬದಲಾಯಿತು. ಮಲ್ಲೇಶ ಎರಡು ಜೊತೆ ಕಾಲ್ಚೀಲ ಹಾಕಿ, ಮುಂದೆ ಗೋಣಿತಾಟಿನ ತುಂಡು ತುರುಕಿಕೊಂಡರೂ ನಡೆದರೆ ಟಪ್ ಟಪ್ ಎಂದು ಕುದುರೆ ಬಂದಂತಾಗುತ್ತಿತ್ತು. ಅಂಗಳದಲ್ಲಿ ಭತ್ತದ ಲಾರಿಯ ಹಲಗೆ ಏರುವಾಗ ಬೂಟು ಹಿಂದುಳಿದು ಕಾಲು ಮಾತ್ರ ಮುಂದೆ ಹೋಗುತ್ತಿತ್ತು. ದೊಡ್ಡ ಕಾಲಿನವರು ಮದುವೆಗೆ ಒಲ್ಲದ ಮದುಮಗನಂತೆ ಮೆಲ್ಲಗೆ, ಮುಖ ಕಿವುಚಿ ನಡೆಯುತ್ತಿದ್ದರು. ಇಷ್ಟೆಲ್ಲ ಅನುಭವಿಸಿ ಗೋದಾಮಿನ ಹೊಸ್ತಿಲಿಗೆ ಬಂದರೆ ಕಟ್ಟಳೆಯಂತೆ ಬೂಟು ಬಿಚ್ಚಬೇಕು. ಚೀಲಗಳು ಎತ್ತರಕ್ಕೆ ಪೇರಿಸಿದ ಥಪ್ಪಿಯಿಂದ ಜಾರಿ ಬೀಳುವುದು ಒಳಗೆ, ಉಕ್ಕಿನ ಟೋಪಿಗಳು ಸಾಲಾಗಿ ಕೂತಿರುವುದು ಹೊರಗೆ.

ಯಾರೂ ದೂರು ಹೇಳಲಿಲ್ಲ. ಕಾರಣ ಗಾಳೆಪ್ಪ. ಎಲ್ಲರಿಗಿಂತ ದೊಡ್ಡ ಕಾಲಿನ ಅವನೇ ಮೊದಲ ದಿನ ಕಷ್ಟಪಟ್ಟು ಕಾಲು ತೂರಿಸಿ, ಎದ್ದು ನಿಂತು, ಅಂಗಳದಲ್ಲಿ ಎರಡು ಸುತ್ತು ಬಂದು ಘೋಷಿಸಿದ್ದ: “ಬೆಣ್ಣಿ ಇದ್ದಂಗ ಅದಾವಲೇ!” ಮೇಸ್ತ್ರಿಗೆ ಬೆಣ್ಣೆಯಾದದ್ದು ತಮಗೆ ಮುಳ್ಳಾಗುತ್ತಿದ್ದರೆ ತಪ್ಪು ತಮ್ಮ ಕಾಲಿನದೇ ಎಂದು ಉಳಿದವರು ಬಾಯಿ ಮುಚ್ಚಿಕೊಂಡಿದ್ದರು.

ಇಪ್ಪತ್ತು ದಿನ ಕಳೆದಿರಬಹುದು. ಒಂದು ಬೆಳಗ್ಗೆ ಗೋದಾಮಿನಲ್ಲಿ ಗದ್ದಲ ಕೇಳಿ ಹೋದೆ. ಒಂದು ಚೀಲ ಒಡೆದು ನೆಲದ ಮೇಲೆ ಸೋನಾ ಅಕ್ಕಿ ಬಿಳಿಯಾಗಿ ಹರಡಿತ್ತು. ಅದರ ಅಂಚಿನಲ್ಲಿ ಕೆಂಪು ಕಲೆ. ಅಷ್ಟು ದೂರಕ್ಕೆ ಇನ್ನೊಂದು.

“ಯಾರದಲೇ ಇದು ರಕ್ತಾ?” ಗಾಳೆಪ್ಪನ ದನಿಗೆ ಪಾರಿವಾಳಗಳು ಎದ್ದು ಹಾರಿದವು. “ಲಕ್ಷ್ಮಿ ಮ್ಯಾಲ ರಕ್ತಾ ಸುರಸಾಕತ್ತೀರೇನು? ಕುಂದರ್ರಿ ಎಲ್ಲಾರೂ! ಕಾಲ ಮ್ಯಾಲ ಮಾಡ್ರಿ!”

ಹದಿಮೂರು ಜನ ಚೀಲಗಳ ಮೇಲೆ ಸಾಲಾಗಿ ಕೂತು ಕಾಲು ಎತ್ತಿದರು. ಗಾಳೆಪ್ಪ ಒಬ್ಬೊಬ್ಬರ ಮುಂದೆ ನಿಂತು, ಬಗ್ಗಿ, ಅಂಗಾಲು ಹೊರಳಿಸಿ ನೋಡುತ್ತ ಹೋದ. ಆಗ ಹೊರಬಿತ್ತು ಇಪ್ಪತ್ತು ದಿನಗಳ ಚರಿತ್ರೆ. ಒಬ್ಬನ ಹಿಮ್ಮಡಿಯಲ್ಲಿ ನಿಂಬೆಕಾಯಿ ಗಾತ್ರದ ಬೊಬ್ಬೆ, ಇನ್ನೊಬ್ಬನ ಬೆರಳ ಸಂದಿಯಲ್ಲಿ ಬೆವರಿಗೆ ಬೆಂದ ಚರ್ಮ, ಮತ್ತೊಬ್ಬನ ಉಗುರು ಕಪ್ಪು.

“ಇಷ್ಟೆಲ್ಲಾ ಆದ್ರೂ ಹೇಳಾಕ ಬಾಯಿ ಇರಲಿಲ್ಲೇನು ನಿನಗ?” ಎಂದು ಮಲ್ಲೇಶನ ಮೇಲೆ ಹರಿಹಾಯ್ದ.

“ನೀನ ಬೆಣ್ಣಿ ಅಂದಿ, ಮಾವ. ಬೆಣ್ಣಿ ಕಡಿಯಾಕತ್ತೈತಿ ಅಂತ ಹೆಂಗ ಹೇಳ್ಲಿ?”

ಎಲ್ಲರೂ ಕಿಸಕ್ಕೆಂದರು. ಗಾಳೆಪ್ಪ ನಗಲಿಲ್ಲ. ಹದಿಮೂರು ಜೊತೆ ಕಾಲು ನೋಡಿದ್ದಾಯಿತು; ಗಾಯಗಳಿದ್ದವು, ಹಸಿ ರಕ್ತ ಯಾರದರಲ್ಲೂ ಇರಲಿಲ್ಲ. ಅವನ ಕಣ್ಣು ನನ್ನ ಕಡೆ ತಿರುಗಿತು. “ನೀವೂ ತೋರಸ್ರಿ, ಗುಮಾಸ್ತರ.” ತೋರಿಸಿದೆ. ಕುರ್ಚಿಯಲ್ಲಿ ಕೂತು ಬೆಳೆಸಿದ ನನ್ನ ಮೆತ್ತನೆಯ ಪಾದಗಳನ್ನು ಕಂಡು ಅವನಿಗೆ ಕರುಣೆ ಬಂದಿರಬೇಕು, ಬೈಯದೆ ಬಿಟ್ಟ.

ಆಗ ದುರುಗಪ್ಪ ಸಣ್ಣ ದನಿಯಲ್ಲಿ ಅಂದ: “ಮಾವ, ಹಿಂದ ಹೊಳ್ಳಿ ನೋಡು.”

ಗಾಳೆಪ್ಪ ಒಬ್ಬೊಬ್ಬರ ಮುಂದೆ ನಿಂತು ಬಂದಿದ್ದನಲ್ಲ, ಅವನು ನಿಂತಲ್ಲೆಲ್ಲ ಒಂದೊಂದು ಕೆಂಪು ಕಲೆ ಮೂಡಿತ್ತು. ಸಾಲಿನ ಆ ತುದಿಯಿಂದ ಈ ತುದಿಯವರೆಗೆ. ಕೊನೆಯದು ಅವನ ಬಲಗಾಲಿನ ಅಡಿಯಲ್ಲಿತ್ತು.

ದುರುಗಪ್ಪ ಅವನನ್ನು ಕೂರಿಸಿ ಕಾಲು ಎತ್ತಿದ. ಕಿರುಬೆರಳ ಹೊರಬದಿಯಲ್ಲಿ, ಉಕ್ಕಿನ ಅಂಚು ದಿನವೂ ಒತ್ತಿದ ಜಾಗದಲ್ಲಿ, ಚರ್ಮ ಸವೆದು ಗುಂಡಿ ಬಿದ್ದಿತ್ತು. ಸುತ್ತ ಬಾತಿತ್ತು. ನೋಡಿದರೆ ನಮಗೇ ಕಾಲು ಜುಮ್ಮೆಂದಿತು.

“ನೂಸವಲ್ದಲ್ಲೋ, ನೋವೇ ಇಲ್ಲ,” ಎಂದ ಗಾಳೆಪ್ಪ. ಸುಳ್ಳು ಹೇಳುವವನ ದನಿಯಲ್ಲ ಅದು. ತನ್ನ ಕಾಲನ್ನು ಯಾರದೋ ಕಾಲಿನಂತೆ ನೋಡುತ್ತಿದ್ದ. “ಒಂಚೂರೂ ನೂಸವಲ್ದು.”

ಆರು ವರ್ಷದಿಂದ ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ನೆನಪಾದ ದಿನ ಗುಳಿಗೆ ನುಂಗುತ್ತಿದ್ದ. ಆ ಕಾಯಿಲೆ ಕಾಲಿನಿಂದ ನೋವನ್ನೇ ಕದ್ದೊಯ್ದಿತ್ತು ಎಂಬುದು ಅವನಿಗೂ ಗೊತ್ತಿರಲಿಲ್ಲ. ಬೆಣ್ಣೆಯ ರಹಸ್ಯ ಇದು. ಎಂಟನೇ ನಂಬರಿನ ಹಾಳೆ ಬರೆದ ಕೈಯನ್ನು ನಾನು ಅಂಗಿಯ ಜೇಬಿಗೆ ಸೇರಿಸಿಕೊಂಡೆ.

ಗಾಳೆಪ್ಪನ ಮಗಳು ಯಶೋಧರಾ ಲಿಂಗಸುಗೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಫೋನು ಮಾಡಿದೆ. “ಈಗಿಂದೀಗ ಕರಕೊಂಡು ಬರ್ರಿ ಕಾಕಾ. ಅವ ಬ್ಯಾಡ ಅಂದ್ರ ಚೀಲದಂಗ ಹೊತ್ಕೊಂಡ್ ಬರ್ರಿ,” ಎಂದಳು. ರಾಜಶ್ರೀ ತಮ್ಮ ಕಾರನ್ನೇ ಕೊಟ್ಟರು. ದಾರಿಯಲ್ಲಿ ಅವನ ಹೆಂಡತಿ ಅಮರಮ್ಮನನ್ನು, ಅವಳು ಬಿಸಿಯೂಟ ಬೇಯಿಸುವ ಶಾಲೆಯಿಂದ, ಸೌಟು ಕೆಳಗಿಡಿಸಿ ಹತ್ತಿಸಿಕೊಂಡೆವು. ಗಾಳೆಪ್ಪ ಕಾರಿಗೆ ಕಲೆಯಾಗಬಾರದೆಂದು ಪೇಪರಿನ ಮೇಲೆ ಕಾಲಿಟ್ಟು ಕೂತಿದ್ದ.

“ಮಂದಿ ಕಾಲೆಲ್ಲಾ ನೋಡಿದ್ಯಂತ,” ಎಂದಳು ಅಮರಮ್ಮ, ಮಸ್ಕಿ ದಾಟುತ್ತಿದ್ದಂತೆ. “ನಿನ್ನ ಕಾಲು ಯಾರ ಮನ್ಯಾಗ ಇಟ್ಟು ಬಂದಿದ್ದಿ?”

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ತೆಳುವಾದ ನೈಲಾನ್ ಎಳೆ ಹಿಡಿದು, “ಕಣ್ಣು ಮುಚ್ಚರಿ. ನಾ ಕಾಲಿಗೆ ಮುಟ್ಟಿದಾಗೊಮ್ಮೆ ಹೂಂ ಅನ್ರಿ,” ಎಂದರು. ಗಾಳೆಪ್ಪ ಶಾಲೆಯ ಹುಡುಗನಂತೆ ಕಣ್ಣು ಮುಚ್ಚಿದ. ಡಾಕ್ಟರು ಹೆಬ್ಬೆರಳ ಕೆಳಗೆ ಮುಟ್ಟಿದರು. ಸದ್ದಿಲ್ಲ. ಪಾದದ ನಡುವೆ ಮುಟ್ಟಿದರು. ಸದ್ದಿಲ್ಲ. ಮಗಳ ಎದುರು ನಪಾಸಾಗುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿರಬೇಕು. ಡಾಕ್ಟರು ಎಳೆಯನ್ನು ಬದಿಗಿಟ್ಟು ಚೀಟಿ ಬರೆಯತೊಡಗಿದಾಗ, ಯಾರೂ ಮುಟ್ಟದ ಕಾಲು ಚಾಚಿಕೊಂಡು, ಕಣ್ಣು ಮುಚ್ಚಿಯೇ, ಜೋರಾಗಿ “ಹೂಂ!” ಎಂದ. ಸ್ವಲ್ಪ ತಡೆದು ಮತ್ತೊಂದು “ಹೂಂ.”

ನನಗೆ ನಗು ಬಂದು ಯಶೋಧರಾಳ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ನನ್ನ ನಗು ಅಲ್ಲೇ ನಿಂತಿತು.

ಗಾಯ ಎಲುಬಿಗೆ ಮುಟ್ಟಿರಲಿಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು, ಆಮೇಲೆ ಎಲ್ಲಿಗೆ ನಿಲ್ಲುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು. ಎರಡು ತಿಂಗಳು ಕಾಲಿಗೆ ಭಾರ ಬೀಳಬಾರದು. ಗುಳಿಗೆ ತಪ್ಪಬಾರದು. ದಿನವೂ ಯಾರಾದರೂ ಅಂಗಾಲು ನೋಡಬೇಕು.

“ಆಮ್ಯಾಲ ಹಲಗಿ ಏರಬಹುದಾರೀ?” ಗಾಳೆಪ್ಪ ಕೇಳಿದ್ದು ಅದೊಂದೇ.

“ಅಳತಿಗೆ ಸರಿಯಾದ, ಮುಂದ ಅಗಲ ಇರೋ ಬೂಟು ಹಾಕ್ಕೊಂಡ್ರ ಏರಬಹುದು. ಬಿಳಿ ಕಾಲ್ಚೀಲ ಹಾಕ್ರಿ, ರಕ್ತ ಬಂದ್ರ ತಟ್ಟನೆ ಕಾಣತೈತಿ. ಬರಿಗಾಲು ಮಾತ್ರ ಎಲ್ಲಿಯೂ ಬ್ಯಾಡ. ಮನ್ಯಾಗೂ ಬ್ಯಾಡ, ಗೋದಾಮ್ದಾಗೂ ಬ್ಯಾಡ.”

“ಹಂಗಾರ ಮುಗೀತು,” ಎಂದ ಗಾಳೆಪ್ಪ. “ಅಕ್ಕಿ ಮ್ಯಾಲ ನಾ ಬೂಟ್ ಹಾಕ್ಕೊಂಡು ಹೋಗಾಂವಲ್ಲ.”

ಅವನು ಹಟ ಹಿಡಿದರೆ ಹಿಡಿದದ್ದೇ. ಎರಡು ತಿಂಗಳು ಮಂಚದ ಮೇಲೆ, ದಿಂಬಿನ ಮೇಲೆ ಕಾಲಿಟ್ಟು, ತಾನು ಇನ್ನು ಮೇಸ್ತ್ರಿಯಲ್ಲ ಎಂಬಂತೆ ಮಾತಾಡತೊಡಗಿದ. ಗುಂಪನ್ನು ದುರುಗಪ್ಪನಿಗೆ ಒಪ್ಪಿಸುತ್ತೇನೆ, ಊರಿಗೆ ಹೋಗಿ ಆಡು ಕಾಯುತ್ತೇನೆ ಎಂದ. ಆಡಿನ ಮಾತು ಬಂದಾಗಲೆಲ್ಲ ಅವನ ಕಣ್ಣು ಬಾಗಿಲಿನಾಚೆ, ರಸ್ತೆಯಲ್ಲಿ ಹೋಗುವ ಅಕ್ಕಿ ಲಾರಿಗಳ ಮೇಲೆ ಇರುತ್ತಿತ್ತು.

ಅತ್ತ ಮಿಲ್ಲಿನಲ್ಲಿ ರಾಜಶ್ರೀ ಈ ಸಲ ನನ್ನನ್ನು ನಂಬಲಿಲ್ಲ. ದಿನವಿಡೀ ದುಡಿದ ಕಾಲು ಸಂಜೆಗೆ ಬಾತಿರುತ್ತದೆ, ಆಗಲೇ ಅಳತೆ ತೆಗೆಯಬೇಕು ಎಂದು ಎಲ್ಲೋ ಕೇಳಿ ತಿಳಿದುಕೊಂಡು, ಸಂಜೆ ಐದಕ್ಕೆ ತಾವೇ ಕೂತು ಒಬ್ಬೊಬ್ಬರ ಪಾದವನ್ನೂ ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಲ್ಲಿ ಸುತ್ತು ಗೀರಿದರು. ಮಲ್ಲೇಶನದು ಆರು. ದುರುಗಪ್ಪನದು ಎಂಟೇ. ಗಾಳೆಪ್ಪನ ಕಾಲು ಗೀರಿಕೊಂಡು ಬರಲು ನನ್ನನ್ನು ಮನೆಗೆ ಕಳಿಸಿದರು. ಇದು ಶಿಕ್ಷೆಯಂತೆಯೇ ಇತ್ತು, ನ್ಯಾಯವೂ ಆಗಿತ್ತು.

“ನನಗ ಬ್ಯಾಡ್ರಿ,” ಎಂದು ಗಾಳೆಪ್ಪ ಗೋಡೆಯ ಕಡೆ ತಿರುಗಿದ. ಅಂದು ಭಾನುವಾರ, ಯಶೋಧರಾಳೂ ಮನೆಯಲ್ಲಿದ್ದಳು. “ಅಕ್ಕಿಗೆ ಅಪಮಾನ ಮಾಡಿ ದುಡಿಯೂದು ಬ್ಯಾಡ.”

ಅಮರಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. “ಅಪಮಾನಂತ! ಅಕ್ಕಿ ಮ್ಯಾಲ ರಕ್ತಾ ಚೆಲ್ಲಿ ಬಂದಿಯಲ್ಲ, ಅದೇನು ಪೂಜಿ ಏನು? ಹದಿಮೂರು ಮಂದೀನ್ನ ಕುಂದರಿಸಿ ಬೈದಿ. ಅಕ್ಕಿಗೆ ಬಾಯಿ ಇದ್ದಿದ್ರ ನಿನ್ನ ಕುಂದರಿಸಿ ಬೈತಿತ್ತು.”

ಗೋಡೆಯ ಕಡೆಗಿದ್ದ ಗಾಳೆಪ್ಪನ ಮುಖ ಸ್ವಲ್ಪ ಈ ಕಡೆ ಬಂತು.

“ಅಪ್ಪಾ,” ಎಂದಳು ಯಶೋಧರಾ, “ನಮ್ಮ ಆಪರೇಷನ್ ಖೋಲ್ಯಾಗ ಚಪ್ಪಲಿ ಬ್ಯಾರೆ ಇರ್ತಾವು. ಒಳಗಿನವು ಒಳಗ, ಹೊರಗಿನವು ಹೊರಗ. ಒಳಗಿನವು ಎಂದೂ ಮಣ್ಣು ತುಳದಿರಂಗಿಲ್ಲ.”

“ಎಂದೂ ತುಳದಿರಂಗಿಲ್ಲ?”

“ಎಂದೂ.”

ಗಾಳೆಪ್ಪ ಎದ್ದು ಕೂತು, ನನ್ನ ಕಡೆ ತಿರುಗಿ ಷರತ್ತು ಹಾಕಿದ. ಗೋದಾಮಿನ ಬೂಟು ಡಬ್ಬಿಯಲ್ಲೇ ಬರಬೇಕು. ಡಬ್ಬಿ ಹೊಸ್ತಿಲ ಒಳಗೇ ಬಿಚ್ಚಬೇಕು. ಹೊರಗಿನದು ಬೇರೆ ಜೊತೆ. ಮತ್ತೆ, ಇದು ತನಗೊಬ್ಬನಿಗೆ ಆಗಕೂಡದು. ಹದಿನಾಲ್ಕು ಜನಕ್ಕೂ ಎರಡೆರಡು ಜೊತೆ.

“ನಂಬರ್ ಮಾತ್ರ ಬ್ಯಾರೆ ಬ್ಯಾರೆ ಇರ್ಲಿ,” ಎಂದು ದೊಡ್ಡ ಮನಸ್ಸು ಮಾಡಿದ.

ಕಾಗದದ ಮೇಲೆ ಅವನ ಪಾದ ಇಡಿಸಿ ಪೆನ್ಸಿಲು ಆಡಿಸಿದೆ. ಗೀಟು ಕಾಗದದ ಅಂಚು ದಾಟಿ ನೆಲದ ಮೇಲೆ ಹೋಯಿತು. ಇನ್ನೊಂದು ಹಾಳೆ ಅಂಟಿಸಬೇಕಾಯಿತು. ರಾಜಶ್ರೀಗೆ ಹಾಳೆ ಕೊಟ್ಟು ಷರತ್ತುಗಳನ್ನು ಹೇಳಿದೆ. ಅವರು ಕೇಳಿ, “ಮಾವಾರಿಗೆ ನಾ ಹೇಳ್ತೀನಿ,” ಎಂದಷ್ಟೇ ಅಂದರು.

ಗಾಯ ಮಾಯಲು ಎರಡು ತಿಂಗಳಲ್ಲ, ಎರಡೂವರೆ ಹಿಡಿಯಿತು. ಬೆರಳು ಉಳಿಯಿತು.

ಅವನು ವಾಪಸು ಬಂದ ದಿನ ಹೊಸ್ತಿಲ ಒಳಗೆ ಹದಿನಾಲ್ಕು ಡಬ್ಬಿಗಳು ಸಾಲಾಗಿದ್ದವು. ಗಾಳೆಪ್ಪ ಹೊಸ್ತಿಲ ಮೇಲೆ ಕೂತು ಹೊರಗಿನ ಬೂಟು ಬಿಚ್ಚಿದ. ದುರುಗಪ್ಪ ಒಳಗಿನ ಬೂಟಿನಲ್ಲಿ ಕೈ ಹಾಕಿ ಹರಳು, ನುಚ್ಚು ಇದೆಯೇ ಎಂದು ತಡವಿ, ಕೊಟ್ಟ. ಹತ್ತನೇ ನಂಬರು, ಮುಂದೆ ಅಗಲ. ಕಾಲು ಒದ್ದಾಟವಿಲ್ಲದೆ ಒಳಗಿಳಿಯಿತು. ಗಾಳೆಪ್ಪ ಎದ್ದು ನಿಂತ. ಎಲ್ಲರೂ ಅವನ ಬಾಯಿ ನೋಡಿದರು.

“ಬೆಣ್ಣಿ ಅನ್ನಂಗಿಲ್ಲಪ,” ಎಂದ. “ನನ್ನ ಕಾಲಿನ ಮಾತು ನಂಬಬ್ಯಾಡ್ರಿ. ನಿಮ್ಮ ನಿಮ್ಮ ಕಾಲು ಏನ್ ಅಂತಾವ, ಅದನ್ನ ಹೇಳ್ರಿ.”

ನೆಲದ ಅಕ್ಕಿಯನ್ನು ಚಿಟಿಕೆಯಷ್ಟು ಎತ್ತಿ ಕಣ್ಣಿಗೊತ್ತಿಕೊಂಡು, ಏನೋ ಗೊಣಗಿ, ಮೊದಲ ಚೀಲಕ್ಕೆ ಬೆನ್ನು ಕೊಟ್ಟ. ಹಲಗೆ ಏರಿದ. ಇಳಿದ. ಸಂಜೆಯವರೆಗೂ ಏರಿ ಇಳಿದ. ನಾನು ಆ ದಿನ ಬರೆಯಬೇಕಾದ್ದೊಂದನ್ನೂ ಬರೆಯಲಿಲ್ಲ.

ಐದೂವರೆಗೆ ಅಮರಮ್ಮ ಗೇಟಿನಲ್ಲಿ ಕಾಣಿಸಿಕೊಂಡಳು. ನೇರ ಗೋದಾಮಿನ ಹೊಸ್ತಿಲಿಗೆ ಬಂದು, “ಬಿಚ್ಚು,” ಎಂದಳು.

“ಮಂದಿ ಮುಂದ ಏನಬೇ ಇದು? ಮನ್ಯಾಗ ನೋಡೀಯಂತ.”

“ಬಿಚ್ಚು ಅಂದ್ನೆಲ್ಲ.”

ಗಾಳೆಪ್ಪ ಬೂಟು ಬಿಚ್ಚಿ, ಬಿಳಿಯ ಕಾಲ್ಚೀಲ ಕಳೆದು ಕೊಟ್ಟ. ಅವಳು ಅದರ ಒಳಮಗ್ಗುಲು ಹೊರಗೆ ಮಾಡಿ, ಇಳಿಬಿಸಿಲಿಗೆ ಎತ್ತಿ ಹಿಡಿದಳು. ಹದಿಮೂರು ಜನರೂ ನಾನೂ ಉಸಿರು ಹಿಡಿದು ಆ ಕಾಲ್ಚೀಲವನ್ನೇ ನೋಡಿದೆವು. ತುದಿಯಿಂದ ಹಿಮ್ಮಡಿಯವರೆಗೆ ಬೆರಳಾಡಿಸಿದಳು. ಆಮೇಲೆ ಅವನ ಕಾಲು ತನ್ನ ಮಡಿಲಿಗೆ ಎಳೆದುಕೊಂಡು, ಬೆರಳ ಸಂದಿಗಳನ್ನೆಲ್ಲ ಬಿಡಿಸಿ ನೋಡಿದಳು.

“ಏನೂ ಇಲ್ಲ,” ಎಂದಳು.

“ನಾ ಹೇಳಿದ್ನಿಲ್ಲ?”

“ನೀ ಹೇಳೂದು ಬ್ಯಾಡ. ಕಾಲ್ಚೀಲ ಹೇಳ್ಬೇಕು. ನಾಳಿನೂ ಬರ್ತೀನಿ.”

ಅವಳು ಏಳುವಷ್ಟರಲ್ಲಿ ಮಲ್ಲೇಶ ಮುಂದೆ ಬಂದು ಕೂತ. ಅವನ ಕೈಯಲ್ಲಿ ಅವನ ಕಾಲ್ಚೀಲಗಳಿದ್ದವು. “ಅತ್ತಿ, ನಂದೂ ನೋಡಬೇ,” ಎಂದ. ಅವನ ಹಿಂದೆ ದುರುಗಪ್ಪ, ದುರುಗಪ್ಪನ ಹಿಂದೆ ಉಳಿದವರು, ಒಬ್ಬೊಬ್ಬರಾಗಿ ಬೂಟು ಬಿಚ್ಚಿ ಸಾಲುಗಟ್ಟಿದರು. ಇಡೀ ದಿನದ ಬೆವರು ಒಮ್ಮೆಲೇ ಹೊರಬಂದು ಗೋದಾಮಿನ ಗಾಳಿ ಮಂದವಾಯಿತು.

ಅಮರಮ್ಮ ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡಳು. “ಸಾಲಾಗಿ ಬರ್ರಿ,” ಎಂದು ಕೈ ಚಾಚಿದಳು.